ಪರದೆ ಬಂತು, ಕಲಿಕೆ ಬಂತೇ?

ಸರಕಾರಿ ಶಾಲೆಗೊಂದು ಸ್ಮಾರ್ಟ್ ಬೋರ್ಡ್ ಬಂದರೆ ಉದ್ಘಾಟನೆ ನಡೆಯುತ್ತದೆ, ಭಾಷಣಗಳಾಗುತ್ತವೆ. ಆದರೆ ಅದರಿಂದ ಯಾವ ತರಗತಿಯ ಮಗು ಏನನ್ನು ಕಲಿಯಬೇಕೆಂಬ ಪ್ರಶ್ನೆ ಆ ವೇದಿಕೆಯಲ್ಲಿ ಏಳುವುದೇ ಅಪರೂಪ. ಖರೀದಿಯೇ ಸಾಧನೆಯೆನಿಸಿಕೊಳ್ಳುತ್ತಿರುವುದು ವಿಪರ್ಯಾಸವಲ್ಲದೆ ಇನ್ನೇನು?

ಹಾಗೆಂದು ಮಾನದಂಡಗಳಿಗೆ ಕೊರತೆಯಿಲ್ಲ. ಎನ್‌ಸಿಇಆರ್‌ಟಿಯು ಪ್ರಾಥಮಿಕ ಹಂತದ ಕಲಿಕಾ ಫಲಗಳನ್ನು 2017ರಲ್ಲಿ ತರಗತಿವಾರು ಪ್ರಕಟಿಸಿದೆ. 2021ರಲ್ಲಿ ಆರಂಭವಾದ ನಿಪುಣ್ ಭಾರತ್ ಯೋಜನೆಯ ಪ್ರಕಾರ, ಮೂರನೆಯ ತರಗತಿ ಮುಗಿಸುವ ಮಗು ನಿಮಿಷಕ್ಕೆ ಕನಿಷ್ಠ 60 ಪದಗಳನ್ನು ಅರ್ಥ ಗ್ರಹಿಸಿ ಓದಬೇಕು. 9999ರವರೆಗಿನ ಸಂಖ್ಯೆಗಳನ್ನು ಓದಿ ಬರೆಯಬೇಕು. ಉಪಕರಣವನ್ನು ಅಳೆಯಬೇಕಾದುದು ಈ ಅಳತೆಗೋಲಿನಿಂದಲೇ ಹೊರತು ಅದರ ಬೆಲೆಯಿಂದಲ್ಲ.

ಒಂದು ಉದಾಹರಣೆ ನೋಡೋಣ. ಆರನೆಯ ತರಗತಿಯ ಮಗು ಇತಿಹಾಸದ ಆಕರಗಳನ್ನು ಗುರುತಿಸಿ ಅವುಗಳ ಉಪಯೋಗವನ್ನು ವಿವರಿಸಬೇಕೆಂಬುದು ಒಂದು ಕಲಿಕಾ ಫಲ. ಹೊಸಪೇಟೆಯ ಮಗುವಿಗೆ ಇದಕ್ಕೆ ವೀಡಿಯೊ ಏಕೆ ಬೇಕು? ಹತ್ತಿರದಲ್ಲೇ ಹಂಪಿಯಿದೆ. ಅಲ್ಲಿ ಇಮ್ಮಡಿ ದೇವರಾಯನ ಸೇವೆಯಲ್ಲಿದ್ದ ಅಹ್ಮದ್ ಖಾನ್ ಕಟ್ಟಿಸಿದ ಮಸೀದಿಯಿದೆ, ಅದನ್ನು 'ಧರ್ಮಸಾಲೆ'ಯೆಂದು ಕರೆಯುವ 1439ರ ಶಾಸನವಿದೆ. ಕಟ್ಟಡ ಒಂದು ಆಕರ, ಶಾಸನ ಇನ್ನೊಂದು. ಅದೇ ಮಗುವಿಗೆ ಹೃದಯದೊಳಗೆ ರಕ್ತ ಹರಿಯುವ ಬಗೆಯನ್ನು ತೋರಿಸಲು ಪರದೆಗಿಂತ ಉತ್ತಮ ಸಾಧನ ವಿರಳ. ಕಣ್ಣಿಗೆ ಕಾಣದ್ದನ್ನು ತೋರಿಸುವುದು ತಂತ್ರಜ್ಞಾನದ ಕೆಲಸ; ಕಣ್ಣೆದುರಿಗಿರುವುದನ್ನು ಮರೆಮಾಚುವುದಲ್ಲ.

ಸಂಡೂರಿನ ವಿಷಯ ಇನ್ನಷ್ಟು ಗಂಭೀರವಾದುದು. ಗಣಿಗಾರಿಕೆಯಿಂದ ಬಾಧಿತವಾದ ಪ್ರದೇಶಗಳಿಗಾಗಿ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯಿದೆ. ಅದನ್ನು ಆದ್ಯತೆಯಿಂದ ವ್ಯಯಿಸಬೇಕಾದ ಕ್ಷೇತ್ರಗಳಲ್ಲಿ ಶಿಕ್ಷಣವೂ ಒಂದು. ಬೆಟ್ಟವನ್ನು ಕಳೆದುಕೊಂಡ ಜನರ ಆ ಹಣ ಧೂಳು ಹಿಡಿಯುವ ಯಂತ್ರಗಳಾಗಿ ಕೊಠಡಿಯ ಮೂಲೆ ಸೇರಿದರೆ ಅದು ಎರಡನೆಯ ಅನ್ಯಾಯವಾದೀತು.

ತಂತ್ರಜ್ಞಾನವು ಶಿಕ್ಷಕರಿಗೆ ಪೂರಕವಾಗಬೇಕೇ ವಿನಾ ಪರ್ಯಾಯವಾಗಬಾರದೆಂದು ಯುನೆಸ್ಕೋದ 2023ರ ಜಾಗತಿಕ ಶಿಕ್ಷಣ ವರದಿಯೂ ಎಚ್ಚರಿಸಿದೆ.

ಆದ್ದರಿಂದ ಖರೀದಿಗೆ ಮುನ್ನ ಶಾಲಾಭಿವೃದ್ಧಿ ಸಮಿತಿಗಳು ಮೂರು ಪ್ರಶ್ನೆಗಳನ್ನು ಕೇಳಲಿ. ಇದು ಯಾವ ಕಲಿಕಾ ಫಲಕ್ಕಾಗಿ? ಶಿಕ್ಷಕರಿಗೆ ತರಬೇತಿಯಾಗಿದೆಯೇ? ಕನ್ನಡ ಮಾಧ್ಯಮದ ಮಗುವಿಗೂ ಉರ್ದು ಮಾಧ್ಯಮದ ಮಗುವಿಗೂ ಅವರವರ ಭಾಷೆಯಲ್ಲಿ ಪಾಠ ಲಭ್ಯವಿದೆಯೇ? ಕಂಪ್ಲಿಯ ಕೃಷಿ ಕಾರ್ಮಿಕರ ಮಗು ವರ್ಷಾಂತ್ಯದಲ್ಲಿ ತಡವರಿಸದೆ ಒಂದು ಪುಟ ಓದಿದರೆ ಆ ಬೋರ್ಡ್ ಸಾರ್ಥಕ. ಇಲ್ಲವಾದರೆ ಅದು ಗೋಡೆಯ ಅಲಂಕಾರವಷ್ಟೇ.