ಮುದ್ರೆಯಿಲ್ಲದ ತಕ್ಕಡಿಯಲ್ಲಿ ಇಂಗಾಲದ ತೂಕ

ಅಡಿಕೆ ಮಂಡಿಯಲ್ಲಿ ತಕ್ಕಡಿಯ ಮೇಲೆ ಇಲಾಖೆಯ ಮುದ್ರೆಯಿದೆಯೇ ಎಂದು ಕಣ್ಣಾಡಿಸದೆ ಮೂಟೆ ಇಳಿಸುವ ಬೆಳೆಗಾರರು ನಮ್ಮಲ್ಲಿ ವಿರಳ. ಅದೇ ಬೆಳೆಗಾರರ ತೋಟಕ್ಕೆ ಯಾರಾದರೂ ಅಂಗೈಯಗಲದ ಯಂತ್ರ ಹಿಡಿದು ಬಂದು, 'ನಿಮ್ಮ ಮಣ್ಣಿನಿಂದ ಇಷ್ಟು ಇಂಗಾಲ ಹೊರಬೀಳುತ್ತಿದೆ' ಎಂದು ಅಂಕಿ ಹೇಳಿದರೆ ಮುದ್ರೆಯ ಮಾತೇ ಬರುವುದಿಲ್ಲ. 2023ರಲ್ಲಿ ಕೇಂದ್ರ ಸರ್ಕಾರ ಕಾರ್ಬನ್ ಕ್ರೆಡಿಟ್ ವ್ಯಾಪಾರ ಯೋಜನೆಗೆ ಅಧಿಸೂಚನೆ ಹೊರಡಿಸಿದ ಮೇಲೆ ಇಂಗಾಲವೂ ಮಂಡಿಯ ಸರಕಾಗುವ ದಾರಿಯಲ್ಲಿದೆ. ಆದ್ದರಿಂದ ಈ ಯಂತ್ರ ಎಲ್ಲೆಲ್ಲಿ ಸುಳ್ಳು ಹೇಳುತ್ತದೆ ಎಂಬುದು ಪ್ರಯೋಗಾಲಯದೊಳಗಿನವರಿಗಷ್ಟೇ ಬೇಕಾದ ವಿಷಯವಲ್ಲ.

ಇಂಗಾಲದ ಡೈಆಕ್ಸೈಡ್ ವಿಶ್ಲೇಷಕವು ಅನಿಲದ ಕಣಗಳನ್ನು ಎಣಿಸುವುದಿಲ್ಲ. 4.26 ಮೈಕ್ರೊಮೀಟರ್ ಸುಮಾರಿನ ಅವಕೆಂಪು ಬೆಳಕನ್ನು ಈ ಅನಿಲ ಹೀರಿಕೊಳ್ಳುತ್ತದೆ. ನಳಿಕೆಯ ಒಂದು ತುದಿಯಿಂದ ಹೊರಟ ಬೆಳಕು ಇನ್ನೊಂದು ತುದಿಯಲ್ಲಿ ಎಷ್ಟು ಮಂಕಾಯಿತು ಎಂಬುದಷ್ಟೇ ಯಂತ್ರಕ್ಕೆ ಗೊತ್ತು. ಆ ಮಂಕನ್ನು ಹತ್ತು ಲಕ್ಷದಲ್ಲಿ ಇಷ್ಟು ಭಾಗ, ಅಂದರೆ ಪಿಪಿಎಂ, ಎಂದು ಭಾಷಾಂತರಿಸುವುದು ಮಾಪನಾಂಕ ನಿರ್ಣಯದ ಕೆಲಸ. ಅದಕ್ಕೆ ಎರಡು ಆಧಾರಗಳು ಬೇಕು: ಇಂಗಾಲದ ಡೈಆಕ್ಸೈಡ್ ಇಲ್ಲದ ಗಾಳಿಯಲ್ಲಿ ತೋರಬೇಕಾದ ಸೊನ್ನೆ, ಮತ್ತು ಪ್ರಮಾಣ ಗೊತ್ತಿರುವ ಸಿಲಿಂಡರಿನ ಅನಿಲದಲ್ಲಿ ತೋರಬೇಕಾದ ಅಂಕಿ.

ಮಲೆನಾಡಿನಲ್ಲಿ ಮೊದಲು ಕೈಕೊಡುವುದು ಎತ್ತರ. ಸಮುದ್ರಮಟ್ಟದಿಂದ 1000 ಮೀಟರ್ ಮೇಲೆ ಗಾಳಿಯ ಒತ್ತಡ ಹತ್ತನೇ ಒಂದು ಭಾಗಕ್ಕಿಂತ ತುಸು ಹೆಚ್ಚೇ ಕಡಿಮೆ. ಕರಾವಳಿಯಲ್ಲಿ ಸರಿಹೊಂದಿಸಿದ ಯಂತ್ರವನ್ನು ಒತ್ತಡದ ತಿದ್ದುಪಡಿಯಿಲ್ಲದೆ ಘಟ್ಟ ಹತ್ತಿಸಿದರೆ ನಳಿಕೆಯೊಳಗಿನ ಕಣಗಳೇ ಕಡಿಮೆಯಾಗಿ, 420 ಇರಬೇಕಾದಲ್ಲಿ 380ರ ಆಸುಪಾಸು ಕಾಣಿಸೀತು. ಅದು ಜಗತ್ತಿನ ಗಾಳಿ 2005ರ ಸುಮಾರಿಗೆ ಮುಟ್ಟಿದ್ದ ಮಟ್ಟ! 'ನಮ್ಮ ಕಾಡಿನ ಗಾಳಿ ಇನ್ನೂ ಇಪ್ಪತ್ತು ವರ್ಷ ಹಿಂದಿದೆ' ಎಂದು ಹಿಗ್ಗುವ ಮುನ್ನ ಯಂತ್ರಕ್ಕೆ ಒತ್ತಡದ ಸಂವೇದಕವಿದೆಯೇ ಎಂದು ಕೇಳುವುದು ಲೇಸು.

ಎರಡನೆಯದು ಮಳೆಗಾಲ. ತೇವ ತುಂಬಿದ ಗಾಳಿಯಲ್ಲಿ ಶೇಕಡಾ 2ರಿಂದ 3ರಷ್ಟು ನೀರಾವಿಯೇ ಇರುತ್ತದೆ. ಅದು ಜಾಗ ಹಿಡಿದುಕೊಂಡ ಮಾತ್ರಕ್ಕೇ ಒಣಗಾಳಿಯ ಲೆಕ್ಕದಿಂದ 8–12 ಪಿಪಿಎಂ ತಗ್ಗುತ್ತದೆ. ಕೊಳವೆಯಲ್ಲಿ ಹನಿಗಟ್ಟಿದರಂತೂ ಅಂಕಿಗೆ ಅರ್ಥವೇ ಇಲ್ಲ. ಆದ್ದರಿಂದ ಗಾಳಿಯನ್ನು ಒಣಗಿಸಿ ಒಳಬಿಡಬೇಕು, ಇಲ್ಲವೇ ನೀರಾವಿಯನ್ನೂ ಅಳೆದು ಕಳೆಯಬೇಕು.

ಸೊನ್ನೆ ಹೊಂದಿಸಲು ಬಳಸುವ ಸೋಡಾ ಸುಣ್ಣದ ವಿಚಾರದಲ್ಲಿ ನಮ್ಮ ಕಾಲೇಜುಗಳ ಉದಾಸೀನ ಹೇಳತೀರದು. ಸತ್ವ ತೀರಿದ ಸುಣ್ಣದಿಂದ 20 ಪಿಪಿಎಂ ನುಸುಳಿ ಬಂದು, ಅದನ್ನೇ ಸೊನ್ನೆಯೆಂದು ಯಂತ್ರಕ್ಕೆ ಒಪ್ಪಿಸಿದರೆ ಮುಂದಿನ ಅಂಕಿಗಳೂ ಹೆಚ್ಚುಕಡಿಮೆ ಅಷ್ಟೇ ತಗ್ಗುತ್ತವೆ. ಬಣ್ಣ ನೋಡಿ ನಂಬುವಂತಿಲ್ಲ. ಬದಲಾದ ಬಣ್ಣ ಇಟ್ಟಲ್ಲೇ ಮರಳಿ ಮೊದಲಿನಂತಾಗುವುದುಂಟು. ಸುಣ್ಣದ ಕೊಳವೆಯ ಬಾಯಿಗೆ ಮೆಲ್ಲನೆ ಉಸಿರು ಬಿಡಿ. ನಮ್ಮ ನಿಶ್ವಾಸದಲ್ಲಿ ಸುಮಾರು 40,000 ಪಿಪಿಎಂ ಇರುತ್ತದೆ. ಸೊನ್ನೆ ಅಲುಗಿತೆಂದರೆ ಸುಣ್ಣ ಮುಗಿದಿದೆ ಅಥವಾ ಎಲ್ಲೋ ಸೋರಿಕೆಯಿದೆ. ಕೀಲುಕೀಲಿಗೂ ಹೀಗೆ ಉಸಿರು ಬಿಟ್ಟು ಸೋರಿಕೆಯ ಜಾಗ ಹುಡುಕಬಹುದು. ತೇವ ಹೀರುವ ಪುಡಿಯನ್ನು ಸುಣ್ಣದ ನಂತರ ಇಡಬೇಕು, ಮೊದಲಲ್ಲ: ಸುಣ್ಣ ಕೆಲಸ ಮಾಡಲು ಕೊಂಚ ತೇವ ಬೇಕು, ಕೆಲಸ ಮಾಡುವಾಗ ಅದೇ ತೇವವನ್ನೂ ಬಿಡುತ್ತದೆ.

ಅಗ್ಗದ ಸಂವೇದಕಗಳದು ಬೇರೆಯೇ ಕಥೆ. ಅವುಗಳಲ್ಲಿ ಅನೇಕವು ತಮ್ಮನ್ನು ತಾವೇ ತಿದ್ದಿಕೊಳ್ಳುತ್ತವೆ: ಕಳೆದ ಒಂದು ವಾರದಷ್ಟು ಕಾಲದಲ್ಲಿ ಕಂಡ ಅತಿ ಕಡಿಮೆ ಅಂಕಿಯನ್ನು ಬಯಲಿನ ಗಾಳಿ, ಅಂದರೆ 400 ಎಂದು ಊಹಿಸಿಬಿಡುತ್ತವೆ. ಕಿಟಕಿ ತೆರೆಯುವ ಕಚೇರಿಗೆ ಇದು ಸರಿ. ಅಣಬೆ ಶೆಡ್ಡಿನಲ್ಲೋ ಮಣ್ಣಿನ ಉಸಿರು ಅಳೆಯುವ ಪೆಟ್ಟಿಗೆಯಲ್ಲೋ ಬಯಲಿನ ಗಾಳಿ ಸುಳಿಯುವುದೇ ಇಲ್ಲ. ಅಲ್ಲಿ ಯಂತ್ರ ದಿನೇದಿನೇ ತನ್ನ ತಳವನ್ನೇ ತಪ್ಪಾಗಿ ಎಳೆದುಕೊಳ್ಳುತ್ತದೆ. ಆ ಸೌಲಭ್ಯವನ್ನು ಮೊದಲು ನಿಲ್ಲಿಸಬೇಕು.

ವಿದ್ಯಾರ್ಥಿಗಳು ಒಂದು ಸೂಕ್ಷ್ಮ ಗಮನಿಸಲಿ. ಮಣ್ಣಿನ ಉಸಿರಾಟವನ್ನು ನಾವು ಲೆಕ್ಕ ಹಾಕುವುದು ಏರಿಕೆಯ ವೇಗದಿಂದ. ಸೊನ್ನೆಯ ತಪ್ಪು ಮೊದಲಿಗೂ ಕೊನೆಗೂ ಸಮವಾಗಿರುವುದರಿಂದ ವ್ಯತ್ಯಾಸದಲ್ಲಿ ಬಹುಮಟ್ಟಿಗೆ ಅಳಿಸಿಹೋಗುತ್ತದೆ. ಸಿಲಿಂಡರಿನ ಅಂಕಿಯ ತಪ್ಪು ಹಾಗಲ್ಲ. ಅಲ್ಲಿ ಶೇಕಡಾ 10ರ ದೋಷವಿದ್ದರೆ ಬೆಳೆಗಾರರ ಇಂಗಾಲದ ಲೆಕ್ಕದಲ್ಲೂ ಶೇಕಡಾ 10ರ ದೋಷ.

ಚಾರ್ಲ್ಸ್ ಡೇವಿಡ್ ಕೀಲಿಂಗ್ 1958ರಲ್ಲಿ ಹವಾಯಿಯ ಮೌನಾ ಲೋವಾದಲ್ಲಿ ಅಳತೆ ಆರಂಭಿಸಿದಾಗ ಸಿಕ್ಕಿದ್ದು ಸುಮಾರು 313 ಪಿಪಿಎಂ. 2024ರ ಸರಾಸರಿ 424ನ್ನು ಮೀರಿತ್ತು. ಈ ಏರಿಕೆಯನ್ನು ಜಗತ್ತು ನಂಬಿದ್ದು ಯಂತ್ರದ ಮೇಲಿನ ಭಕ್ತಿಯಿಂದಲ್ಲ. ಅವರು ತಮ್ಮ ಸಿಲಿಂಡರುಗಳ ಅನಿಲವನ್ನು ಪಾದರಸದ ಒತ್ತಡಮಾಪಕದಿಂದ ಪ್ರತ್ಯೇಕವಾಗಿ ಪರೀಕ್ಷಿಸುತ್ತಿದ್ದರು. ಸಾರಜನಕದಲ್ಲಿ ಬೆರೆಸಿದ ಅನಿಲಕ್ಕೂ ಗಾಳಿಯಲ್ಲಿ ಬೆರೆಸಿದ್ದಕ್ಕೂ ವಿಶ್ಲೇಷಕ ಕೆಲವು ಪಿಪಿಎಂ ವ್ಯತ್ಯಾಸ ತೋರುತ್ತದೆಂದು ಮುಂದೆ ತಿಳಿದಾಗ ಹಳೆಯ ಅಂಕಿಗಳನ್ನೂ ತಿದ್ದಲಾಯಿತು. ಇಂದು ನಾವು ಸಿಲಿಂಡರ್ ಕೊಳ್ಳುವಾಗ ಒಣಗಾಳಿಯಲ್ಲಿ ಬೆರೆಸಿದ್ದನ್ನೇ ಕೇಳಬೇಕಾದ ಕಾರಣ ಇದೇ.

ನಮ್ಮ ಚಳವಳಿಯವರಿಗೂ ಒಂದು ಮಾತು. ಬೆಳಗಿನ ಜಾವ ದಟ್ಟ ಕಾಡಿನ ನೆಲಮಟ್ಟದಲ್ಲಿ ಇಂಗಾಲದ ಡೈಆಕ್ಸೈಡ್ ಬಯಲಿಗಿಂತ ಹೆಚ್ಚಿರುವುದು ಸಹಜ. ರಾತ್ರಿಯಿಡೀ ಮಣ್ಣು, ಬೇರು, ಎಲೆಗಳು ಉಸಿರಾಡಿರುತ್ತವೆ. ಆ ಅಂಕಿಯನ್ನು ಮುಚ್ಚಿಟ್ಟು ಅನುಕೂಲದ್ದನ್ನು ಮಾತ್ರ ಭಿತ್ತಿಪತ್ರಕ್ಕೆ ಹಾಕುವುದು ತರವಲ್ಲ. ಯೋಜನೆ ತರುವವರ ವರದಿಯಲ್ಲಿ ಮಾಪನಾಂಕ ನಿರ್ಣಯದ ದಿನಾಂಕ ಕೇಳುವ ನಾವು ನಮ್ಮ ಅಂಕಿಯ ಪಕ್ಕದಲ್ಲೂ ಅದನ್ನು ಅಚ್ಚುಹಾಕೋಣ.

ಪ್ರಮಾಣಿತ ಅನಿಲ ದುಬಾರಿ, ಹಳ್ಳಿಯ ಶಾಲೆಗೆ ಎಟುಕದು ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ತಾಲ್ಲೂಕಿಗೊಂದು ಸಿಲಿಂಡರ್, ಒಂದು ಒಳ್ಳೆಯ ವಿಶ್ಲೇಷಕ ಸಾಕು. ಮಳೆಗಾಲಕ್ಕೆ ಮುನ್ನ ಒಮ್ಮೆ, ಮುಗಿದ ಮೇಲೆ ಒಮ್ಮೆ ಎಲ್ಲ ಶಾಲೆಗಳ ಸಂವೇದಕಗಳನ್ನು ಅದರ ಪಕ್ಕದಲ್ಲಿ ಸಾಲಾಗಿಟ್ಟು, ಗಾಳಿಯಾಡುವ ಬಯಲಿನಲ್ಲಿ, ನಡುಹಗಲಲ್ಲಿ, ಜನ ದೂರ ನಿಂತು ಹೋಲಿಸಿದರಾಯಿತು. ಯಾವ ಯಂತ್ರ ಎಷ್ಟು ತಪ್ಪಿತೆಂಬುದನ್ನು ದಿನಾಂಕ ಸಹಿತ ಒಂದು ಪುಸ್ತಕದಲ್ಲಿ ಬರೆದು, ಆ ಪುಸ್ತಕವನ್ನು ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ ಯಾರು ಬೇಕಾದರೂ ತೆಗೆದು ನೋಡುವಂತೆ ಇಡಬೇಕು.