ಹಳ್ಳಿಯ ಬಚ್ಚಲ ನೀರೂ ಹೊಳೆಯ ನೀರೂ

ಮನೆಮನೆಗೂ ನಲ್ಲಿಯ ನೀರನ್ನು ಒದಗಿಸತಕ್ಕ ಜಲಜೀವನ ಯೋಜನೆಯು 2019ರಲ್ಲಿ ಆರಂಭವಾದಂದಿನಿಂದ, ತಲೆಯೊಂದಕ್ಕೆ ದಿನಕ್ಕೆ 55 ಲೀಟರು ನೀರೆಂಬುದು ಗ್ರಾಮಗಳಿಗೆ ಗೊತ್ತುಪಡಿಸಿದ ಪ್ರಮಾಣವಾಗಿರುತ್ತದೆ. ನೀರನ್ನು ತರುವುದರಲ್ಲಿ ಗ್ರಾಮಮುಖ್ಯರು ತೋರಿಸಿದ ಆಸಕ್ತಿಯು ಶ್ಲಾಘನೀಯವೇ ಸರಿ. ಆದರೆ ಬಂದ ನೀರು ಹೊರಟುಹೋಗುವ ದಾರಿಯನ್ನು ಕುರಿತು ಅದರ ಕಾಲುಭಾಗದಷ್ಟು ಆಲೋಚನೆಯೂ ನಡೆದಂತೆ ತೋರುವುದಿಲ್ಲ. ಸಾವಿರ ಜನರಿರುವ ಗ್ರಾಮದಲ್ಲಿ ಈ ನೀರಿನ ಮುಕ್ಕಾಲು ಪಾಲು ಬಚ್ಚಲಿಗೆ ಬೀಳುವುದೆಂದು ಲೆಕ್ಕ ಹಾಕಿದರೂ, ದಿನವೊಂದಕ್ಕೆ ಸುಮಾರು 40,000 ಲೀಟರು ಕೊಳಕು ನೀರು ಮೋರಿಗಿಳಿಯುತ್ತದೆ.

ಸಿಮೆಂಟಿನ ಮೋರಿಗಳನ್ನು ಕಟ್ಟಿಸಿದ ಮಾತ್ರಕ್ಕೆ ಊರು ಶುಚಿಯಾಯಿತೆಂದು ತಿಳಿಯುವುದು ಯುಕ್ತವಲ್ಲ. ಹಿಂದೆ ಹಿತ್ತಲಿನ ಬಾಳೆಯ ಬುಡದಲ್ಲಿ ಇಂಗುತ್ತಿದ್ದ ನೀರು ಈಗ ನೆಟ್ಟಗೆ ಹಳ್ಳವನ್ನು ಸೇರಿ, ಅಲ್ಲಿಂದ ಹೊಳೆಗೆ ಹೋಗುತ್ತಿದೆ. ಕೊಳೆಯು ಊರಿನಿಂದ ಊರಿಗೆ ಸಾಗಿತೇ ಹೊರತು ನಾಶವಾಗಲಿಲ್ಲ. ಮಳೆಗಾಲದ ಪ್ರವಾಹದಲ್ಲಿ ಹೊಳೆಯು ಇದನ್ನು ಹೇಗೋ ಸಹಿಸೀತು. ಬೇಸಗೆಯಲ್ಲಿ ಹಾಗಲ್ಲ. ಕೊಳೆಯನ್ನು ತಿಂದು ಬೆಳೆಯುವ ಸೂಕ್ಷ್ಮಜೀವಿಗಳು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನೆಲ್ಲ ಹೀರಿಬಿಡುವುದರಿಂದ ಮೀನುಗಳು ಸಾಯುತ್ತವೆ, ನೀರು ಕಪ್ಪಾಗಿ ನಾರುತ್ತದೆ. ಸ್ನಾನಕ್ಕೆ ಯೋಗ್ಯವಾದ ಹೊಳೆಯ ಒಂದು ಲೀಟರು ನೀರಿನಲ್ಲಿ ಕನಿಷ್ಠಪಕ್ಷ 5 ಮಿಲಿಗ್ರಾಂ ಆಮ್ಲಜನಕವು ಕರಗಿರಬೇಕೆಂಬುದು ನಿಯಮ. ಬೆಂಗಳೂರಿನ ಕೊಳೆಯನ್ನು ಹೊತ್ತು ಅರ್ಕಾವತಿಯನ್ನು ಸೇರುವ ವೃಷಭಾವತಿಯನ್ನು ಕಂಡವರಿಗೆ ಈ ವಿಷಯದಲ್ಲಿ ಹೆಚ್ಚಿನ ವಿವರಣೆಯು ಅನಾವಶ್ಯಕ.

ಹೊಳೆಯನ್ನು ಕೆಡಿಸುವ ಈ ನೀರಿನಲ್ಲಿರುವ ಸಾರಜನಕ, ರಂಜಕಗಳನ್ನೇ ರೈತರು ಗೊಬ್ಬರದ ಅಂಗಡಿಯಲ್ಲಿ ಹಣ ಕೊಟ್ಟು ಕೊಂಡುತರುತ್ತಾರೆಂಬುದು ವಿಚಿತ್ರವಾದರೂ ನಿಜ. ಕೆರೆಯಲ್ಲಿ ಕಳೆಯನ್ನು ಕೊಬ್ಬಿಸುವ ವಸ್ತುವು ಹೊಲದಲ್ಲಿ ಹುಲ್ಲನ್ನೂ ತೆಂಗನ್ನೂ ಬೆಳೆಸಬಲ್ಲುದು.

ವಿದ್ಯುತ್ತು ಕೈಕೊಟ್ಟರೆ ನಿಂತುಹೋಗುವ ಯಂತ್ರಗಳು ಸಣ್ಣ ಗ್ರಾಮಗಳಿಗೆ ತಕ್ಕವಲ್ಲ. ಊರಿನ ತಗ್ಗಿನಲ್ಲಿ ಒಂದರ ಕೆಳಗೊಂದರಂತೆ ಮೂರು ಕೊಳಗಳನ್ನು ತೋಡಿ, ನೀರನ್ನು ಸುಮಾರು ಇಪ್ಪತ್ತು ದಿನ ನಿಧಾನವಾಗಿ ಹಾಯಿಸುವುದೇ ಉಚಿತವಾದ ಕ್ರಮ. ಮೊದಲನೆಯದರಲ್ಲಿ ಮಡ್ಡಿಯು ತಳವನ್ನು ಸೇರುತ್ತದೆ. ಮುಂದಿನವುಗಳಲ್ಲಿ ಬಿಸಿಲೂ ಪಾಚಿಯೂ ಉಳಿದ ಕೆಲಸವನ್ನು ಮಾಡುತ್ತವೆ. ಮೇಲೆ ಹೇಳಿದ ಗ್ರಾಮಕ್ಕೆ, ನಾಲ್ಕು ಅಡಿ ಆಳವಿಟ್ಟರೆ, ಏರಿಗಳೂ ಸೇರಿ ಹತ್ತು ಹನ್ನೆರಡು ಗುಂಟೆ ಸಾಲುವುದು. ಈ ಜಾಗವನ್ನು ಯಾರು ಕೊಡಬೇಕೆಂಬಲ್ಲಿಯೇ ಅನೇಕ ಯೋಜನೆಗಳು ನಿಂತುಹೋಗುವುದುಂಟು. ಗೋಮಾಳದ ಅಂಚನ್ನು ಕೇಳುವುದಕ್ಕೆ ಮೊದಲು, ಮೋರಿಯ ಬಾಯಿಗೆ ಹೊಂದಿದ ಜಮೀನುದಾರರು ಮುಂದೆ ಬರುವುದು ಅವರಿಗೇ ಲಾಭಕರ. ಕೊನೆಯ ಕೊಳದ ನೀರು ಬೇಸಗೆಯಲ್ಲಿಯೂ ಮೊದಲು ಅವರ ತೋಟಕ್ಕೇ ದೊರೆಯುವುದಷ್ಟೆ. ಆ ನೀರನ್ನು ಮರಗಳಿಗೂ ಮೇವಿಗೂ ಹಾಯಿಸಬಹುದು. ಹಸಿಯಾಗಿ ತಿನ್ನುವ ಸೊಪ್ಪು, ಸೌತೆ, ಮೂಲಂಗಿಗಳಿಗೆ ಮಾತ್ರ ಸರ್ವಥಾ ಕೂಡದು.

ಪಾಯಿಖಾನೆಯ ಗುಂಡಿಗಳ ಕೆಸರಿನ ವಿಷಯವು ಬೇರೆ. ರಾತ್ರಿಯ ವೇಳೆ ಟ್ಯಾಂಕರಿನವರು ಅದನ್ನು ಹಳ್ಳಕ್ಕೆ ಸುರಿಯುವುದನ್ನು ಕಂಡೂ ಸುಮ್ಮನಿರುವ ಊರುಗಳಿಗೆ ಹೊಳೆಯನ್ನು ದೂರುವ ಹಕ್ಕಿಲ್ಲ. ದೇವನಹಳ್ಳಿಯಲ್ಲಿ 2015ರಲ್ಲಿ ಇಂತಹ ಕೆಸರನ್ನು ಒಣಗಿಸಿ ಗೊಬ್ಬರ ಮಾಡುವ ಸ್ಥಾವರವು ಏರ್ಪಟ್ಟಿತು. ಹೊಸದಾಗಿ ಕಟ್ಟಿಸುವವರಿಗೆ ಜೋಡಿಗುಂಡಿಯೇ ಮೇಲು: ತುಂಬಿದ ಗುಂಡಿಯನ್ನು ಮುಚ್ಚಿ ಎರಡು ವರ್ಷ ಬಿಟ್ಟರೆ, ತೆಗೆಯುವಾಗ ಅದು ಕಪ್ಪುಮಣ್ಣಿನಂತೆ ಉದುರುತ್ತದೆ. ಗುಂಡಿಯೊಳಗೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾನೂನು ನಿಷೇಧಿಸಿದೆ. ಕೊಳಗಳಿಗೆ ಜಾಗವನ್ನು ಅಳೆಯಿಸುವ ಕೆಲಸವನ್ನು ಮುಂಗಾರಿಗೆ ಮೊದಲೇ ಮಾಡತಕ್ಕದ್ದು. ನೆಲದ ಇಳಿಜಾರೂ ಮೋರಿಯ ಬಾಯೂ ಆಗಲೇ ಚೆನ್ನಾಗಿ ಕಾಣುವುವು.