ಮೂರು ವರ್ಷಕ್ಕೇ ಮುಪ್ಪೆ?

ಎತ್ತಿಗೆ ವಯಸ್ಸಾಯಿತೇ ಎಂದು ತಿಳಿಯಲು ರೈತನು ಅದರ ಹಲ್ಲು ನೋಡುತ್ತಾನೆ, ನಡಿಗೆ ನೋಡುತ್ತಾನೆ. ಲೆಕ್ಕದ ಪುಸ್ತಕ ತೆರೆಯುವುದಿಲ್ಲ. ಗಣಕಯಂತ್ರದ ವಿಷಯದಲ್ಲಿ ಮಾತ್ರ ವಿದ್ಯಾವಂತ ಸಮಾಜವು ಈ ಸಾಮಾನ್ಯ ವಿವೇಕವನ್ನು ಬಿಟ್ಟುಕೊಟ್ಟಿದೆ. 2013ರ ಕಂಪನಿ ಕಾಯಿದೆಯ ಎರಡನೆಯ ಅನುಸೂಚಿಯು ಸವಕಳಿಯ ಲೆಕ್ಕಕ್ಕಾಗಿ ಲ್ಯಾಪ್‌ಟಾಪಿನ ಉಪಯುಕ್ತ ಆಯುಷ್ಯವನ್ನು 3 ವರ್ಷವೆಂದು ಗೊತ್ತುಮಾಡಿದೆ. ಇದು ಲೆಕ್ಕಿಗರ ಅನುಕೂಲಕ್ಕಾದ ಏರ್ಪಾಡೇ ಹೊರತು ಯಂತ್ರದ ಜಾತಕವಲ್ಲ. ಆದರೂ ದೊಡ್ಡ ಸಂಸ್ಥೆಗಳಲ್ಲಿ ಮೂರು ನಾಲ್ಕು ವರ್ಷ ತುಂಬುತ್ತಲೇ, ಖಾತರಿಯ ಅವಧಿಯೋ ಬಾಡಿಗೆಯ ಕರಾರೋ ಮುಗಿಯುತ್ತಲೇ, ಸುಸ್ಥಿತಿಯಲ್ಲಿರುವ ಯಂತ್ರಗಳನ್ನು ರಾಶಿ ಹಾಕಿ ಹೊರಗೆ ಕಳಿಸುವುದು ವಾಡಿಕೆಯಾಗಿದೆ. ಅವನ್ನು ಸಗಟಾಗಿ ಕೊಂಡ ವ್ಯಾಪಾರಿಯು ಹಳೆಯ ಮಾಹಿತಿಯನ್ನು ಅಳಿಸಿ, ದೂಳು ತೆಗೆದು, ಸವೆದ ಭಾಗಗಳನ್ನು ಬದಲಿಸಿ, ಹೊಸದಕ್ಕಿಂತ ಬಹಳ ಕಡಿಮೆ ಬೆಲೆಗೆ ಮಾರುತ್ತಾನೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ, ದೆಹಲಿಯ ನೆಹರೂ ಪ್ಲೇಸ್‌ನಲ್ಲಿ ಇಂಥ ಅಂಗಡಿಗಳಿವೆ. 'ರಿಫರ್ಬಿಶ್ಡ್' ಎಂದು ಕರೆಯುವುದು ಇದನ್ನೇ.

ಇದನ್ನು ಕೊಳ್ಳಿರೆಂದು ಹೇಳಿದೊಡನೆ ಮೂಗು ಮುರಿಯುವವರು ಬಹಳ. ಯಾರೋ ಬಳಸಿ ಬಿಟ್ಟದ್ದು, ಎಂಜಲಿನಂಥದ್ದು, ಮನೆತನದ ಗೌರವಕ್ಕೆ ಒಪ್ಪದ್ದು ಎಂಬ ಭಾವನೆ ಅವರದು. ಅದೇ ಮನೆಯವರು ಇನ್ನೊಬ್ಬರು ಬಾಳಿದ ಮನೆಯನ್ನು ಸಂತೋಷದಿಂದ ಕೊಳ್ಳುತ್ತಾರೆ, ಅಜ್ಜಿಯ ಕೊರಳಿನಲ್ಲಿದ್ದ ಸರವನ್ನು ಮೊಮ್ಮಗಳಿಗೆ ತೊಡಿಸಿ ಹಿಗ್ಗುತ್ತಾರೆ. ಬಳಸಿದ ವಸ್ತುವಿನ ಮೇಲೆ ಅವರಿಗೆ ತಾತ್ತ್ವಿಕ ವಿರೋಧವೇನೂ ಇಲ್ಲವೆಂಬುದು ಇದರಿಂದ ಸ್ಪಷ್ಟ. ಅವರಿಗೆ ಬೇಕಾದದ್ದು ಪೆಟ್ಟಿಗೆಯ ಹೊಳಪು. ಆ ಹೊಳಪಿಗೆ ಕೊಡುವ ಹಣವು ಗಣಕದ ಬೆಲೆಯಲ್ಲ, ಅಭಿಮಾನದ ಬೆಲೆ.

ವಾಸ್ತವದಲ್ಲಿ ಕಚೇರಿಗಾಗಿ ತಯಾರಾದ ಯಂತ್ರದ ಜಾತಿಯೇ ಬೇರೆ. 1992ರಲ್ಲಿ ಐಬಿಎಂ ಹೊರತಂದ, 2005ರಿಂದ ಲೆನೊವೊ ಸಂಸ್ಥೆಗೆ ಸೇರಿದ ಥಿಂಕ್‌ಪ್ಯಾಡ್ ಇರಲಿ, ಡೆಲ್ ಲ್ಯಾಟಿಟ್ಯೂಡ್ ಇರಲಿ, ಎಚ್‌ಪಿ ಎಲೈಟ್‌ಬುಕ್ ಇರಲಿ, ಇವುಗಳನ್ನು ದಿನವಿಡೀ ದುಡಿಸುವವರಿಗೆಂದೇ ಕಟ್ಟಿರುತ್ತಾರೆ. ಗಟ್ಟಿ ಕೀಲು, ಒಳ್ಳೆಯ ಕೀಲಿಮಣೆ, ಕೆಲವೇ ಸ್ಕ್ರೂ ಬಿಚ್ಚಿದರೆ ತೆರೆದುಕೊಳ್ಳುವ ತಳಭಾಗ. ಯಾವ ಭಾಗವನ್ನು ಹೇಗೆ ಬಿಚ್ಚಬೇಕೆಂಬ ಕೈಪಿಡಿಯನ್ನು ತಯಾರಕರೇ ಎಲ್ಲರಿಗೂ ಸಿಗುವಂತೆ ಪ್ರಕಟಿಸುತ್ತಾರೆ. ಸಾವಿರಾರು ಯಂತ್ರಗಳು ಏಕಕಾಲಕ್ಕೆ ಮಾರಾಟವಾಗಿರುವುದರಿಂದ ಬಿಡಿಭಾಗಗಳಿಗೆ ಬರವಿಲ್ಲ. ತೆಳುವಾಗಿರಬೇಕೆಂಬ ಚಪಲಕ್ಕೆ ಸಿಕ್ಕಿ ಇವುಗಳಲ್ಲೂ ಕೆಲವು ಮಾದರಿಗಳಲ್ಲಿ ಸ್ಮೃತಿಕೋಶವನ್ನು ಮೂಲ ಫಲಕಕ್ಕೇ ಬೆಸೆದುಬಿಟ್ಟಿದ್ದಾರೆ. ಕೊಳ್ಳುವವರು ಅದನ್ನು ವಿಚಾರಿಸಿಕೊಳ್ಳಬೇಕು. ಅಷ್ಟೇ ಹಣಕ್ಕೆ ಸಿಗುವ ಹೊಸ ಅಗ್ಗದ ಲ್ಯಾಪ್‌ಟಾಪಿನ ಪ್ಲಾಸ್ಟಿಕ್ ಕೀಲು ಎಷ್ಟು ದಿನ ಬಾಳುತ್ತದೆಂಬುದನ್ನು ಕಾಲೇಜಿಗೆ ಹೋಗುವ ಮಕ್ಕಳಿರುವ ಮನೆಗಳಲ್ಲಿ ಕೇಳಿ ತಿಳಿಯಬಹುದು. ಬಡ ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪ್ ಹಂಚುವ ಟ್ರಸ್ಟುಗಳು ಇಂಥ ಹೊಸ ಪೆಟ್ಟಿಗೆಗಳನ್ನೇ ಏಕೆ ಆರಿಸುತ್ತವೆ? ವೇದಿಕೆಯ ಮೇಲಿನ ಛಾಯಾಚಿತ್ರದಲ್ಲಿ ಅದು ಚೆನ್ನಾಗಿ ಕಾಣುತ್ತದೆಂಬುದಕ್ಕಿಂತ ಬೇರೆ ಕಾರಣ ಹುಡುಕುವುದು ಕಷ್ಟ.

ಹೊಸದರ ಹಿಂದಿರುವ ಹಿಂಸೆ ಅಂಗಡಿಯ ಗಾಜಿನಲ್ಲಿ ಕಾಣುವುದಿಲ್ಲ. ಲ್ಯಾಪ್‌ಟಾಪಿನಿಂದಾಗುವ ಇಂಗಾಲ ಮಾಲಿನ್ಯದ ಬಹುಪಾಲು ಅದನ್ನು ತಯಾರಿಸುವಾಗಲೇ ಆಗಿಹೋಗಿರುತ್ತದೆಂದು ತಯಾರಕರ ವರದಿಗಳೇ ಹೇಳುತ್ತವೆ. ಬ್ಯಾಟರಿಗೆ ಬೇಕಾದ ಕೋಬಾಲ್ಟಿನ ಬಹುಭಾಗ ಕಾಂಗೋ ದೇಶದ ಗಣಿಗಳಿಂದ ಬರುತ್ತದೆ. ಅಲ್ಲಿ ಎಳೆಯ ಮಕ್ಕಳೂ ಅದಿರು ಹೊರುವುದನ್ನು ಆಮ್ನೆಸ್ಟಿ ಸಂಸ್ಥೆಯು 2016ರಲ್ಲಿಯೇ ದಾಖಲಿಸಿತು. ಇನ್ನು ಕೊನೆಗಾಲದ ಮಾತು: 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ವಿದ್ಯುನ್ಮಾನ ಕಸ ಹುಟ್ಟಿತು, ಕ್ರಮಬದ್ಧವಾಗಿ ಸಂಗ್ರಹವಾಗಿ ಸಂಸ್ಕರಣೆಗೊಂಡದ್ದು ಶೇ. 22.3 ಮಾತ್ರ.

ಸಂಸ್ಥೆಗಳು ಮುಂದೊಡ್ಡುವ ನೆಪ ಗೋಪ್ಯತೆ. ಮಾಹಿತಿ ಸೋರಬಾರದೆಂದು ಕೆಲವರು ಇಡೀ ಯಂತ್ರವನ್ನೇ ಪುಡಿಮಾಡಿಸುತ್ತಾರೆ. ಮಾಹಿತಿಯಿರುವುದು ಅಂಗೈಯಗಲಕ್ಕಿಂತ ಚಿಕ್ಕದಾದ ಒಂದು ಬಿಡಿಭಾಗದಲ್ಲಿ. ಅದನ್ನು ವಿಶ್ವಾಸಾರ್ಹವಾಗಿ ಅಳಿಸುವ ವಿಧಾನಗಳನ್ನು ಅಮೆರಿಕದ ನಿಸ್ಟ್ ಸಂಸ್ಥೆಯ ಮಾರ್ಗಸೂಚಿ ವಿವರಿಸಿದೆ. ಅದರಲ್ಲೂ ನಂಬಿಕೆಯಿಲ್ಲದವರು ಆ ಬಿಡಿಭಾಗವೊಂದನ್ನೇ ತೆಗೆದು ನಾಶಮಾಡಬಹುದು. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವುದಕ್ಕೆ ಸುರಕ್ಷತೆಯೆಂಬ ಹೆಸರು ಸಲ್ಲದು.

ಇದಕ್ಕಿಂತ ದೊಡ್ಡ ಅನ್ಯಾಯ ತಂತ್ರಾಂಶದ ಕಡೆಯಿಂದ ಬಂದಿದೆ. ಮೈಕ್ರೋಸಾಫ್ಟ್ ಸಂಸ್ಥೆಯು 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಗೃಹಬಳಕೆದಾರರಿಗೆ ಒಂದು ವರ್ಷದ ಹೆಚ್ಚುವರಿ ಗಡುವು ಘೋಷಿಸಿದ್ದುಂಟು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಅಂಗ ಬೇಕು, ಸಂಸ್ಕಾರಕವೂ ಹೊಸದಿರಬೇಕು. ಇಂಟೆಲ್‌ನಲ್ಲಿ 8ನೆಯ ಪೀಳಿಗೆಗಿಂತ ಹಿಂದಿನವು, ಬೆರಳೆಣಿಕೆಯ ಅಪವಾದಗಳನ್ನು ಬಿಟ್ಟರೆ, ಹೊರಗುಳಿದವು. 2016ರಲ್ಲಿ ತಯಾರಾಗಿ ಇಂದಿಗೂ ತಕರಾರಿಲ್ಲದೆ ಓಡುವ ಯಂತ್ರ ಹೀಗೆ ಒಂದು ಪ್ರಕಟಣೆಯಿಂದ ಬಹಿಷ್ಕೃತವಾಯಿತು. ಭದ್ರತೆಯ ಮಾತು ಪೂರ್ತಿ ಸುಳ್ಳಲ್ಲ. ರಕ್ಷಣೆ ನಿಂತ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ನಡೆಸುವುದು ಅವಿವೇಕ. ಆದರೆ ಅದೇ ಯಂತ್ರಕ್ಕೆ ಉಬುಂಟು ಅಥವಾ ಮಿಂಟ್‌ನಂಥ ಲಿನಕ್ಸ್ ತಂತ್ರಾಂಶವನ್ನು ಹಾಕಿದರೆ ಬೆರಳಚ್ಚು, ಪತ್ರವ್ಯವಹಾರ, ಅಧ್ಯಯನ ಎಲ್ಲವೂ ಸುರಕ್ಷಿತವಾಗಿ ಸಾಗುತ್ತವೆ, ಅದಕ್ಕೆ ಬೆಲೆಯೂ ಇಲ್ಲ. ಹೊಸದಾಗಿ ಕಲಿಯಬೇಕಾದದ್ದು ಸ್ವಲ್ಪವಿದೆ. ಹತ್ತು ದಿನ ಕಲಿಯಲಾರದೆ ಯಂತ್ರವನ್ನು ಕಸಕ್ಕೆ ಹಾಕುವವರು ತಂತ್ರಾಂಶದ ಸಂಸ್ಥೆಯನ್ನು ದೂರುವುದರಲ್ಲಿ ಅರ್ಥವಿಲ್ಲ.

ಹಳೆಯದನ್ನು ಮಾರುವವರೆಲ್ಲ ಸತ್ಯವಂತರೆಂದು ಇದರ ಅಭಿಪ್ರಾಯವಲ್ಲ. ಅನರ್ಹ ಯಂತ್ರಕ್ಕೆ ಅಡ್ಡದಾರಿಯಿಂದ ವಿಂಡೋಸ್ 11 ತುಂಬಿ, ಆ ವಿಷಯ ಮುಚ್ಚಿಟ್ಟು ಮಾರುವುದು ತೂಕದಲ್ಲಿ ಮೋಸ ಮಾಡಿದಂತೆಯೇ. ಸವೆದ ಬ್ಯಾಟರಿಯನ್ನು ಹೊಸದೆನ್ನುವುದು, ರಸೀದಿ ಕೊಡದಿರುವುದು, ಹಳೆಯ ಸಂಸ್ಥೆಯ ಬೀಗಪದ ಹಾಗೆಯೇ ಉಳಿದಿರುವ ಯಂತ್ರವನ್ನು ಸಾಗಹಾಕುವುದು, ಇವೂ ಅದೇ ಸಾಲಿನವು. ಕೊಳ್ಳುವವರು ಅಂಗಡಿಯಲ್ಲೇ ಯಂತ್ರವನ್ನು ಚಾಲೂ ಮಾಡಿಸಿ, ಬ್ಯಾಟರಿಯ ಮೂಲ ಧಾರಣಶಕ್ತಿ ಎಷ್ಟು, ಈಗ ಉಳಿದಿರುವುದೆಷ್ಟು ಎಂದು ನೋಡಿಯೇ ಹಣ ಕೊಡುವುದು ಲೇಸು.

ಕೊಂಡವರ ಮೇಲೂ ಒಂದು ದೂರಿದೆ, ಅದು ಸಣ್ಣದಲ್ಲ. ಅಗ್ಗವಾಗಿ ಸಿಕ್ಕಿತೆಂದು ಒಂದರ ಬದಲು ಮೂರು ಕೊಳ್ಳುವವರಿದ್ದಾರೆ. ಒಂದು ಪ್ರಯಾಣಕ್ಕೆ, ಒಂದು ಮೇಜಿಗೆ, ಒಂದು ಸುಮ್ಮನೆ. ವರ್ಷಕ್ಕೊಮ್ಮೆ ಇನ್ನೂ ಒಳ್ಳೆಯದೊಂದು ಕಣ್ಣಿಗೆ ಬೀಳುತ್ತದೆ. ಹಿಂದಿನದು ಕಪಾಟು ಸೇರುತ್ತದೆ. ಮಿತವ್ಯಯದ ವೇಷ ತೊಟ್ಟ ಈ ಸಂಗ್ರಹವೂ ಪರಿಗ್ರಹವೇ. ಕಪಾಟಿನೊಳಗೆ ಬ್ಯಾಟರಿ ಉಬ್ಬುತ್ತಾ ಕುಳಿತ ಯಂತ್ರ ಯಾವ ಗಣಿಯನ್ನೂ ಉಳಿಸಿಲ್ಲ. ಹಳೆಯ ಯಂತ್ರದೊಡನೆ ಬಾಳುವುದೆಂದರೆ ಅದರ ತೂಕವನ್ನೂ ಮಂಕು ತೆರೆಯನ್ನೂ ಒಪ್ಪಿಕೊಂಡು, ಫ್ಯಾನಿನ ದೂಳು ತೆಗೆಸಿ, ಬೇಕಾದಾಗ ಬ್ಯಾಟರಿ ಬದಲಿಸಿ, ಸ್ಮೃತಿ ಸಾಲದಿದ್ದರೆ ಹೆಚ್ಚಿಸಿ, ಅದೊಂದರಲ್ಲೇ ಇನ್ನೈದು ವರ್ಷ ಕೆಲಸ ನಡೆಸುವುದು. ಕಪಾಟಿನಲ್ಲಿ ಎರಡನೆಯದು ಈಗಾಗಲೇ ಇದ್ದರೆ, ಬರುವ ಜೂನ್‌ನಲ್ಲಿ ಕಾಲೇಜು ತೆರೆಯುವ ಮೊದಲು ಅದು ಬೀದಿಯಾಚೆಯ ಯಾವ ಹುಡುಗಿಯ ಕೈಸೇರಬೇಕೆಂದು ಮನೆಯವರಿಗೆ ಗೊತ್ತೇ ಇರುತ್ತದೆ.